ಅರ್ಧ ಮುರಿದ ಬೀನ್ಸ್

ಇವತ್ತು ಮಧ್ಯಾಹ್ನ ಟಿವಿಯಲ್ಲಿ ‘ಕಾಲಾ ಪತ್ಥರ್’ ಬರ್ತಿತ್ತು. ಅಮ್ಮ ಮೊರದಲ್ಲಿ ಬೀನ್ಸ್ ಹಾಕಿಕೊಂಡು ನಾರು ತೆಗೆಯುತ್ತಾ ಕೂತಿದ್ದರು. ಅವರಿಗೆ ಹಿಂದಿ ಅಷ್ಟಕ್ಕಷ್ಟೇ.

ಗಣಿಯೊಳಗೆ ನೀರು ನುಗ್ಗಿತು ನೋಡಿ, ಅಮ್ಮನ ಕೈ ನಿಂತೇ ಹೋಯಿತು. ಅರ್ಧ ಮುರಿದ ಬೀನ್ಸ್ ಬೆರಳಲ್ಲೇ ಇತ್ತು, ನಾರು ಜೋತಾಡುತ್ತಾ. ಸಿನಿಮಾ ಮುಗಿಯೋವರೆಗೂ ಹಾಗೇ.

"ಇದು ನಿಜವಾಗಿ ನಡೆದಿದ್ದಾ?"

ಹೌದಮ್ಮಾ ಅಂದೆ. ಧನಬಾದ್ ಹತ್ತಿರದ ಚಾಸನಾಲಾ. 1975ರ ಡಿಸೆಂಬರ್ 27. ಕಲ್ಲಿದ್ದಲು ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಜನ ಹೋಗಿಬಿಟ್ಟರು. ಯಶ್ ಚೋಪ್ರಾ ಈ ಸಿನಿಮಾ ಮಾಡಿದ್ದು 1979ರಲ್ಲಿ, ಆ ದುರಂತ ಇನ್ನೂ ಹಸಿಯಾಗಿದ್ದಾಗಲೇ.

ಶಶಿ ಕಪೂರ್, ಶತ್ರುಘ್ನ ಸಿನ್ಹಾ ಎಲ್ಲರೂ ಇದ್ದಾರೆ. ಆದರೆ ನನ್ನನ್ನು ಜಾಸ್ತಿ ಕಾಡೋದು ಅಮಿತಾಭ್ ಪಾತ್ರ. ಬಿರುಗಾಳಿಯಲ್ಲಿ ಹಡಗನ್ನೂ ಪ್ರಯಾಣಿಕರನ್ನೂ ಬಿಟ್ಟು ಬಂದ ಕ್ಯಾಪ್ಟನ್. ಆ ನಾಚಿಕೆ ಹೊತ್ತು ನೆಲದೊಳಗೆ ಇಳಿದರೆ ಅಲ್ಲೂ ನೀರೇ ಎದುರಾಗುತ್ತೆ, ಅಲ್ವಾ! ಈ ಸಲ ಅವನು ಓಡಲ್ಲ.

ಅಮ್ಮ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು.

"ಸಿನಿಮಾದಲ್ಲಿ ಕೆಲವರಾದ್ರೂ ಮೇಲೆ ಬಂದರು" ಅಂದರು. ಆಮೇಲೆ ಮೊರ ಎಳೆದುಕೊಂಡರು.