ಎದುರು ಮನೆಯ ಗಾಡಿ

ಜುಲೈ 11, 2025, ಶುಕ್ರವಾರ ರಾತ್ರಿ
ಕುವೆಂಪುನಗರ, ಮೈಸೂರು

ಎದುರು ಮನೆಯ ಹುಡುಗನ ಕಳವಾದ ಬೈಕ್ ಇನ್ನೂ ಸಿಕ್ಕಿಲ್ಲ. ಸಿಗುವ ಲಕ್ಷಣವೂ ಕಾಣುತ್ತಿಲ್ಲ. ದೂರು ಕೊಡುವುದೇನೋ ಸಲೀಸಾಯಿತು. ಕಳ್ಳ ಯಾರೆಂದು ಗೊತ್ತಿಲ್ಲದ ವಾಹನ ಕಳವಿಗೆ ಈಗ ಪೊಲೀಸರ ಜಾಲತಾಣದಲ್ಲೇ ಇ-ಎಫ್‌ಐಆರ್ ಹಾಕಬಹುದು. ಕಳವಿನ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 303(2), ನಮ್ಮ ಕಾಲದ ಐಪಿಸಿ 379. ಹುಡುಗ ಕುಸಿದದ್ದು ಆಮೇಲೆ, ವಿಮೆಯ ಕಾಗದ ತೆಗೆದು ಓದಿದಾಗ. ‘ಐದು ವರ್ಷದ ಇನ್ಶೂರೆನ್ಸ್ ಇದೆ ಅಂಕಲ್, ದುಡ್ಡು ಬಂದೇ ಬರುತ್ತದೆ’ ಎಂದು ಮೊದಲು ನನಗೇ ಸಮಾಧಾನ ಹೇಳಿದ್ದ. ಇದ್ದದ್ದು ಹೌದು, ಆದರೆ ಅದು ಥರ್ಡ್ ಪಾರ್ಟಿ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯವಾಯಿತಲ್ಲ, ಅದು. ನಮ್ಮ ಗಾಡಿಯಿಂದ ಇನ್ನೊಬ್ಬರಿಗೆ ಪೆಟ್ಟಾದರೆ ಕೊಡುವ ಹಣ. ಗಾಡಿಯೇ ಹೋದರೆ ಕೊಡುವ ಭಾಗ ಒಂದೇ ವರ್ಷಕ್ಕಿತ್ತು, ಮುಗಿದು ಎಷ್ಟೋ ಕಾಲವಾಗಿದೆ. ಕಾಗದದಲ್ಲಿ ‘ಐದು ವರ್ಷ’ ಎಂಬುದು ದಪ್ಪ ಅಕ್ಷರದಲ್ಲಿದೆ, ಮಿಕ್ಕದ್ದು ಸಾಸಿವೆ ಕಾಳಿನ ಗಾತ್ರದಲ್ಲಿದೆ. ಇದನ್ನು ಓದುತ್ತಿರುವವರು ಒಮ್ಮೆ ಎದ್ದು ಹೋಗಿ ತಮ್ಮ ಕಾಗದ ನೋಡಿಕೊಂಡು ಬನ್ನಿ, ನಾನು ಕಾಯುತ್ತೇನೆ.

ಆಷಾಢದ ಮೂರನೇ ಶುಕ್ರವಾರ. ನನ್ನ ಹೆಂಡತಿಗೆ ಚಾಮುಂಡಿ ಬೆಟ್ಟಕ್ಕೆ ಹೋಗಬೇಕಿತ್ತು. ಲಲಿತಮಹಲ್ ಮೈದಾನದಲ್ಲಿ ಗಾಡಿ ಬಿಟ್ಟು ಅಲ್ಲಿಂದ ಬಸ್ಸಿನಲ್ಲಿ ಮೇಲೆ ಹೋಗುವುದು ಪ್ರತಿ ವರ್ಷದ ಪದ್ಧತಿ. ಆ ಜನಜಾತ್ರೆಯಲ್ಲಿ, ಸಾವಿರಾರು ಗಾಡಿಗಳ ನಡುವೆ, ನನ್ನದನ್ನು ಬಿಟ್ಟು ಬರುವುದಿಲ್ಲ, ಆಟೊದಲ್ಲಿ ಹೋಗೋಣ ಎಂದೆ. ‘ನೀವು ಗಾಡಿ ತೆಗೆದುಕೊಂಡದ್ದು ಓಡಿಸಲಿಕ್ಕೋ ಕಾಯಲಿಕ್ಕೋ?’ ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ತಂಗಿಯ ಜೊತೆ ಹೊರಟುಹೋದಳು. ಪ್ರಸಾದ ಮಾತ್ರ ತಂದುಕೊಟ್ಟಿದ್ದಾಳೆ.

ಸಂಜೆ ಕಚೇರಿಯಿಂದ ನೇರ ಶಿವರಾಮಪೇಟೆ. ಬೀಗದ ಕೈ ಮಾಡುವ ಭಾಯ್ ಎಂದಿನ ಜಾಗದಲ್ಲೇ ಇದ್ದರು. ಜಿನುಗು ಮಳೆಗೆ ಛತ್ರಿಯ ಮೇಲೆ ಪ್ಲಾಸ್ಟಿಕ್ ಹೊದಿಸಿ, ಕಂಬಿಗೆ ನೇತುಹಾಕಿದ ಖಾಲಿ ಕೀಗಳ ಗೊಂಚಲಿನ ಕೆಳಗೆ ಅರದಿಂದ ಏನನ್ನೋ ಉಜ್ಜುತ್ತಿದ್ದರು. ಒಳ್ಳೆಯ ಬೀಗ ಯಾವುದು ಎಂದು ಕೇಳಿದೆ. ಅವರು ಬೀಗ ತೋರಿಸಲಿಲ್ಲ. ತಗಡಿನ ಡಬ್ಬಿಯಲ್ಲಿ ಕೈಯಾಡಿಸಿ ಯಾವುದೋ ಗಾಡಿಯಿಂದ ಬಿಚ್ಚಿ ತೆಗೆದಿದ್ದ ಮುರಿದ ಲಾಕ್ ಸೆಟ್ಟೊಂದನ್ನು ನನ್ನ ಅಂಗೈಗೆ ಹಾಕಿದರು.

‘ಇದು ಹ್ಯಾಂಡಲ್ ಲಾಕ್ ಸಾರ್. ನೀವು ರಾತ್ರಿ ಹ್ಯಾಂಡಲ್ ತಿರುಗಿಸಿ, ಕೀ ಒತ್ತಿ, ಕಟಕ್ ಎನ್ನಿಸಿ ಮಲಗುತ್ತೀರಲ್ಲ, ಆ ಕಟಕ್ ಇದೇ.’

ಹೊರಗೆ ಇಣುಕಿದ್ದ ಲೋಹದ ಗೂಟ ನನ್ನ ಕಿರುಬೆರಳಿನ ತುದಿಯಷ್ಟೂ ಇರಲಿಲ್ಲ. ಅರ್ಧಕ್ಕೆ ತುಂಡಾಗಿತ್ತು. ತುಂಡಾದ ಜಾಗದಲ್ಲಿ ಲೋಹ ಸಕ್ಕರೆ ಅಚ್ಚಿನ ಒಳಗಿನಂತೆ ಕಾಳುಕಾಳಾಗಿ ಹೊಳೆಯುತ್ತಿತ್ತು. ಗಾಡಿಯ ಕತ್ತಿನಲ್ಲಿರುವ ಒಂದು ತೂತಿಗೆ ಈ ಗೂಟ ಹೋಗಿ ಕೂರುತ್ತದೆ, ಅಷ್ಟೇ ವ್ಯವಸ್ಥೆ. ಗಟ್ಟಿ ಆಳೊಬ್ಬ ಜೋರಾಗಿ ತಿರುಚಿದರೆ ಉಳಿಯುವುದಿಲ್ಲ ಎಂದರು. ಒಂದೂಮುಕ್ಕಾಲು ಲಕ್ಷದ ಗಾಡಿಯನ್ನು ನಾವು ಇದರ ಕೈಗೆ ಒಪ್ಪಿಸಿ ನಿದ್ದೆ ಹೋಗುತ್ತೇವೆ.

‘ಹಾಗಾದರೆ ಚಕ್ರದ ಬ್ರೇಕ್ ತಟ್ಟೆಗೆ ಕಚ್ಚಿಸುವ ಡಿಸ್ಕ್ ಲಾಕ್ ಹಾಕಲೇ? ಕೂಗುವಂಥದ್ದು ಇದೆಯಂತೆ.’

‘ಹಾಕಿ. ಒಳ್ಳೆಯದೇ. ಚಕ್ರ ಉರುಳುವುದಿಲ್ಲ. ಆದರೆ ಕಳ್ಳ ಉರುಳಿಸಲೇಬೇಕು ಎಂದು ಯಾರು ಹೇಳಿದರು? ಇಬ್ಬರು ಹಿಡಿದೆತ್ತಿ ಗೂಡ್ಸ್ ಆಟೊಗೆ ಹಾಕಿದರೆ ನಿಮ್ಮ ಡಿಸ್ಕ್ ಲಾಕೂ ಗಾಡಿಯ ಜೊತೆಗೇ ಹೋಗುತ್ತದೆ.’ ಒಂದು ಗಳಿಗೆ ಬಿಟ್ಟು, ‘ಬೀಗ ತೆಗೆಯಲು ಮರೆತು ಗಾಡಿ ಓಡಿಸಿದರೆ ನಿಮ್ಮದೇ ಬ್ರೇಕ್ ಕ್ಯಾಲಿಪರ್ ಹೋಗುತ್ತದೆ, ಅದು ಬೇರೆ. ಹ್ಯಾಂಡಲ್‌ನಿಂದ ಬೀಗಕ್ಕೆ ಕಟ್ಟುವ ಬಣ್ಣದ ಸುರುಳಿ ತಂತಿ ಕೊಡುತ್ತಾರೆ. ಅದನ್ನು ಬಿಸಾಡಬೇಡಿ’ ಎಂದರು.

ಆಮೇಲೆ ಸರಪಳಿಯ ಪಾಠ. ಇದು ನನಗೆ ಬಹಳ ಹಿಡಿಸಿತು. ಸರಪಳಿ ನೆಲ ಮುಟ್ಟಬಾರದಂತೆ. ನೆಲದ ಮೇಲೆ ಬಿದ್ದಿದ್ದರೆ ಕಟ್ಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ ಇನ್ನೊಂದರ ಮೇಲೆ ಇಡೀ ಮೈಭಾರ ಹಾಕಬಹುದು. ಮೇಲೆ ಬಿಗಿಯಾಗಿದ್ದರೆ ಕಳ್ಳನಿಗೆ ಎರಡು ತೋಳಿನ ಬಲವಷ್ಟೇ. ಮುಂದಿನ ಚಕ್ರಕ್ಕಲ್ಲ, ಹಿಂದಿನ ಚಕ್ರ ಮತ್ತು ಚಾಸಿ (ಗಾಡಿಯ ಚೌಕಟ್ಟು) ಎರಡನ್ನೂ ಸುತ್ತಿ, ಅಲುಗಾಡದ ಯಾವುದಕ್ಕಾದರೂ ಸೇರಿಸಿ ಕಟ್ಟಬೇಕು. ಕಂಬವೋ ಗೋಡೆಯಲ್ಲಿ ಕೂರಿಸಿದ ಕೊಂಡಿಯೋ ಆಗಬೇಕು. ಬೀಗಗಳು ಎರಡಿದ್ದರೆ ಎರಡು ಜಾತಿಯವು ಇರಲಿ, ಒಂದಕ್ಕೆ ಬೇಕಾದ ಹತ್ಯಾರ ಇನ್ನೊಂದಕ್ಕೆ ಆಗುವುದಿಲ್ಲ.

‘ಇಷ್ಟೆಲ್ಲ ಮಾಡಿದರೆ ಕದಿಯಲು ಆಗುವುದೇ ಇಲ್ಲವೇ?’ ಎಂದೆ.

ಭಾಯ್ ಮೊದಲ ಸಲ ಅರ ಕೆಳಗಿಟ್ಟರು. ‘ಆಗದ ಬೀಗ ಎಲ್ಲಿದೆ ಸಾರ್? ಎರಡು ನಿಮಿಷದ್ದನ್ನು ಹತ್ತು ನಿಮಿಷ ಮಾಡಬಹುದು. ಅವನು ಬಂದು ನೋಡುತ್ತಾನೆ, ನಿಮ್ಮದು ಕಷ್ಟ ಎನ್ನಿಸಿದರೆ ಪಕ್ಕದ್ದಕ್ಕೆ ಹೋಗುತ್ತಾನೆ. ನಿಮಗೆ ಅಷ್ಟು ಸಾಕಲ್ಲ?’

ಸಾಕು ಎಂದು ತಲೆಯಾಡಿಸಿದೆ. ಅಲ್ಲಿಂದ ಮನೆ ತಲುಪುವವರೆಗೂ ಆ ತಲೆಯಾಡಿಕೆ ಒಳಗೊಳಗೇ ಕೊರೆಯುತ್ತಲೇ ಇತ್ತು. ಆ ರಾತ್ರಿ ಬಂದವನು ನನ್ನ ಗಾಡಿಯನ್ನೂ ನೋಡಿರಲೇಬೇಕು. ಇಷ್ಟಗಲದ ರಸ್ತೆ, ಈ ಕಡೆ ಒಂದು, ಆ ಕಡೆ ಒಂದು. ನನ್ನದು ಗೇಟಿನ ಒಳಗೆ, ದೀಪದ ಕೆಳಗೆ. ಹುಡುಗನದು ರಸ್ತೆಯಲ್ಲಿ, ಅವರ ಮನೆಗೆ ಗಾಡಿ ಒಳಗೆ ಬಿಡುವಷ್ಟು ಜಾಗ ಇಲ್ಲ. ಕಳ್ಳ ಒಂದು ಕ್ಷಣವಾದರೂ ಅಲ್ಲಿ ನಿಂತು ಎರಡನ್ನೂ ತೂಗಿ ನೋಡಿರುತ್ತಾನೆ. ನನ್ನ ಗೇಟಿನ ಅಗುಳಿಯೇ ಅವನನ್ನು ಆ ಕಡೆಗೆ ಕಳಿಸಿತು ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಅಲ್ಲ ಎಂದು ಹೇಳಲೂ ಇಲ್ಲ.

ಬೀಗದ ಬೆಲೆ ಕೇಳಿ ತಲೆ ತಿರುಗಿದ್ದನ್ನು ಇಲ್ಲಿ ಬರೆಯುವುದಿಲ್ಲ, ಇವಳು ಓದುತ್ತಾಳೆ.

ಮೂರನೇ ಮನೆಯ ಇಂಜಿನಿಯರ್ ಮಾತ್ರ ಯಾರನ್ನೂ ಕೇಳದೆ ಅಲಾರಂ ಹಾಕಿಸಿಕೊಂಡುಬಿಟ್ಟಿದ್ದಾರೆ. ಅಲುಗಾಟ ಗುರುತಿಸುವ ಸೆನ್ಸರ್, ಸೀಟಿನ ಕೆಳಗೊಂದು ಸೈರನ್, ಕೈಯಲ್ಲಿ ರಿಮೋಟ್. ಮೊದಲ ರಾತ್ರಿ ಅದು ಕೂಗಿದಾಗ ಇಡೀ ಬೀದಿ ಎದ್ದಿತ್ತು, ನಾನು ಬ್ಯಾಟ್ ಹಿಡಿದು ಓಡಿದ್ದೆ. ನೋಡಿದರೆ ನಮ್ಮ ಬೀದಿಯ ಬೂದು ಬೆಕ್ಕು, ಬೆಚ್ಚಗಿದ್ದ ಸೀಟಿನ ಮೇಲೆ. ಮಾರನೆಯ ರಾತ್ರಿ ಕೂಗಿದಾಗ ಕೆಲವು ಕಿಟಕಿಗಳು ತೆರೆದವು. ಈಗ ಕೂಗಿದರೆ ಬೆಕ್ಕೂ ಕೆಳಗಿಳಿಯುವುದಿಲ್ಲ. ನಿನ್ನೆ ನಡುರಾತ್ರಿ ಮತ್ತೆ ಶುರುವಾಯಿತು. ಇಂಜಿನಿಯರ್ ಮಹಡಿಯ ಕಿಟಕಿಯಿಂದ ಕೈ ಮಾತ್ರ ಹೊರಗೆ ಚಾಚಿ, ಕೆಳಗೆ ಬಗ್ಗಿಯೂ ನೋಡದೆ, ರಿಮೋಟ್ ಒತ್ತಿ ಸುಮ್ಮನಾಗಿಸಿದರು. ಆಗ ಕೆಳಗೆ ಕಳ್ಳನೇ ನಿಂತಿದ್ದರೆ ಅವನಿಗೆ ಅದಕ್ಕಿಂತ ಉಪಕಾರ ಬೇರೆ ಇರಲಿಲ್ಲ. ಸೆನ್ಸರಿನ ಸೂಕ್ಷ್ಮತೆ ತಗ್ಗಿಸಬಹುದು, ತಗ್ಗಿಸಿ ಎಂದು ಹೇಳಿಯೂ ನೋಡಿದೆ. ‘ಹಾಗೆ ಮಾಡಿದರೆ ನಿಜವಾದ ಕಳ್ಳ ಬಂದಾಗ ಕೂಗದಿದ್ದರೆ?’ ಎಂದರು. ಇದಕ್ಕೆ ಏನು ಹೇಳುವುದು.

ಇನ್ನೊಂದು ಲೆಕ್ಕ ಅವರಿಗೆ ಹೇಳಿಲ್ಲ, ಹೇಳಿದರೆ ಮುಖ ತಿರುಗಿಸುತ್ತಾರೆ. ಇಂಥ ಅಲಾರಂ ಕೂಗದೆ ಸುಮ್ಮನೆ ಕಾದಿರುವಾಗಲೂ ಕರೆಂಟು ತಿನ್ನುತ್ತದೆ. 20 ಮಿಲಿಆಂಪ್ ಎಂದೇ ಇಟ್ಟುಕೊಳ್ಳಿ, ದಿನಕ್ಕೆ 480 ಮಿಲಿಆಂಪ್-ಗಂಟೆ. ಚಿಕ್ಕ ಗಾಡಿಗಳ ಬ್ಯಾಟರಿ ಎರಡೂವರೆ, ಮೂರು ಆಂಪ್-ಗಂಟೆಯದು. ವಾರ ಊರಿಗೆ ಹೋಗಿ ಬಂದರೆ ಗಾಡಿಯನ್ನು ಬಟನ್ ಒತ್ತಿ ಕಳ್ಳನೂ ಸ್ಟಾರ್ಟ್ ಮಾಡಲಾರ, ಮಾಲೀಕನೂ ಸ್ಟಾರ್ಟ್ ಮಾಡಲಾರ. ಒಂದು ರೀತಿಯಲ್ಲಿ ಅದೂ ರಕ್ಷಣೆಯೇ.

ಊಟದ ಹೊತ್ತಿಗೆ ಒಂಟಿಕೊಪ್ಪಲಿನ ಚಿಕ್ಕಪ್ಪನ ಫೋನು. ಭಾನುವಾರ ಜಾವಾ ಬೈಕುಗಳ ದಿನ, ಜುಲೈನ ಎರಡನೇ ಭಾನುವಾರ. ಅವರಿಗೆ ಇದು ಯುಗಾದಿಗಿಂತ ದೊಡ್ಡ ಹಬ್ಬ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ, 1996ರಲ್ಲಿ ಬಾಗಿಲು ಹಾಕುವವರೆಗೂ ದುಡಿದವರು. ಕಾರ್ಖಾನೆ ಹೋಯಿತು, ಅವರ ಜಾವಾ 250 ಮಾತ್ರ ಅಂಗಳದಲ್ಲಿ ಮಿರಿಮಿರಿ ಮಿಂಚುತ್ತಿದೆ. ಕಳ್ಳತನದ ಕಥೆ ಹೇಳಿದೆ. ನಕ್ಕರು.

‘ನಮ್ಮ ಜಾವಾದ ಕೀ ಎಲ್ಲ ಗಾಡಿಗೂ ಒಂದೇ ಕಣೋ. ಹೆಡ್‌ಲೈಟಿನ ಮೇಲೆ ತುರುಕಿ ಒತ್ತಿದರೆ ಆಯಿತು. ಕೀ ಇಲ್ಲದಿದ್ದರೆ ಮೊಳೆಯೂ ನಡೆಯುತ್ತಿತ್ತು.’

‘ಮತ್ತೆ ಇಷ್ಟು ವರ್ಷ ಅದು ಹೇಗೆ ಉಳಿಯಿತು ಚಿಕ್ಕಪ್ಪ?’

ಹೇಗೆ ಎಂದರೆ ಹೀಗೆ. ಎಲ್ಲಾದರೂ ನಿಲ್ಲಿಸಿದರೆ ಮೊದಲು ಪೆಟ್ರೋಲ್ ಕಾಕ್ ಬಂದ್. ಆಮೇಲೆ ಎಂಜಿನ್ನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಿಚ್ಚಿ, ಬಿಸಿ ಇರುತ್ತದಲ್ಲ, ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ. ಆ ಜಾಗಕ್ಕೆ ಸತ್ತುಹೋದ ಹಳೆಯ ಪ್ಲಗ್ಗೊಂದನ್ನು ತಿರುಗಿಸಿ ಕೂರಿಸುತ್ತಾರೆ. ನೋಡಿದವನಿಗೆ ಎಲ್ಲವೂ ಸರಿಯಾಗಿದೆ. ಒದ್ದರೆ ಒದ್ದದ್ದೇ ಲಾಭ. ಒದೆಯುವುದಾದರೂ ಎಲ್ಲರಿಗೂ ಬರುವುದಿಲ್ಲ. ಜಾವಾದಲ್ಲಿ ಗೇರ್ ಲಿವರೂ ಕಿಕ್ಕರೂ ಒಂದೇ, ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ತಾನೇ ಅದು ಕಿಕ್ಕರ್ ಆಗುವುದು. ಈಗಿನ ಹುಡುಗ ಕಳ್ಳ ಬಂದರೆ ಕಿಕ್ಕರ್ ಎಲ್ಲಿ ಎಂದು ಹುಡುಕುವಷ್ಟರಲ್ಲಿ ಬೆಳಕು ಹರಿಯುತ್ತದೆ ಎಂದು ಮತ್ತೆ ನಕ್ಕರು. ನಕ್ಕು, ಇದ್ದಕ್ಕಿದ್ದಂತೆ ದನಿ ತಗ್ಗಿಸಿ, ‘ಆದರೆ ರಾತ್ರಿ ಎರಡು ಸಲ ಎದ್ದು ನೋಡುತ್ತೇನೆ. ನಿಮ್ಮ ಚಿಕ್ಕಮ್ಮನಿಗೆ ಹೇಳಬೇಡ’ ಎಂದರು.

ನನ್ನ ಗಾಡಿಯ ಪ್ಲಗ್ ಬಿಚ್ಚಬೇಕಾದರೆ ಸರ್ವಿಸ್ ಸೆಂಟರಿನ ಹುಡುಗನೇ ಬೇಕು.

ಜಿಪಿಎಸ್ ಹಾಕಿಸು ಎಂದು ಕಚೇರಿಯಲ್ಲಿ ಎಲ್ಲರದೂ ಒಂದೇ ರಾಗ. ಬ್ಯಾಟರಿಗೆ ಸೇರಿಸಿ ಒಳಗೆಲ್ಲೋ ಅಡಗಿಸಿಡುವುದು, ಸಿಮ್‌ಗೆ ಕಾಲಕಾಲಕ್ಕೆ ರೀಚಾರ್ಜ್ ಮಾಡುವುದು, ಗಾಡಿ ಅಲುಗಿದರೆ ಮೊಬೈಲಿಗೆ ಸಂದೇಶ. ಕೆಲವರು ಕೀ ಗೊಂಚಲಿಗೆ ಹಾಕುವ ಬ್ಲೂಟೂತ್ ಬಿಲ್ಲೆಯನ್ನೇ ಸೀಟಿನ ಕೆಳಗೆ ಅಂಟಿಸುತ್ತಾರೆ. ಅಗ್ಗ. ಆದರೆ ಜನರನ್ನು ಕದ್ದು ಹಿಂಬಾಲಿಸಲು ಬಳಸಬಾರದೆಂದು ಅಂಥ ಬಿಲ್ಲೆಗಳು ‘ಅಪರಿಚಿತ ಬಿಲ್ಲೆಯೊಂದು ನಿಮ್ಮ ಜೊತೆ ಸಾಗುತ್ತಿದೆ’ ಎಂದು ಹತ್ತಿರದವನ ಫೋನಿಗೆ ತಿಳಿಸುತ್ತವೆ. ಹತ್ತಿರದವನೆಂದರೆ ಕಳ್ಳನೇ! ಜಿಪಿಎಸ್ ಬೇಡವೆಂದಲ್ಲ. ಆದರೆ ಅದು ಗಾಡಿ ಹೋಗದಂತೆ ತಡೆಯುವುದಿಲ್ಲ, ಹೋದದ್ದು ಎಲ್ಲಿ ಎಂದು ಹೇಳುತ್ತದೆ. ಆ ಚುಕ್ಕಿಯನ್ನು ಬೆನ್ನತ್ತಿ ಅರ್ಧರಾತ್ರಿ ನಾನೊಬ್ಬನೇ ಹೋಗುವವನೇ? ಪೊಲೀಸರಿಗೆ ತೋರಿಸಬೇಕು, ಅವರು ಬರಬೇಕು.

ಮಾತು ಬಂತೆಂದು ಹೇಳುತ್ತೇನೆ: ಕಾಸು ತೆಗೆದುಕೊಂಡು ಗಾಡಿ ನಿಲ್ಲಿಸಿಕೊಳ್ಳುವ ಜಾಗಗಳಲ್ಲಿ ಕೊಡುವ ಚೀಟಿಯ ಹಿಂದೆ ‘ಕಳವಾದರೆ ನಾವು ಜವಾಬ್ದಾರರಲ್ಲ’ ಎಂದು ಅಚ್ಚು ಹಾಕಿರುತ್ತಾರಲ್ಲ, ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಾಗಿದ್ದರೆ ಕಾಸು ಯಾವುದಕ್ಕೆ, ನೆಲಬಾಡಿಗೆಗೋ? 2019ರಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಪಂಚತಾರಾ ಹೋಟೆಲೊಂದರ ಪ್ರಕರಣದಲ್ಲಿ, ಕೀ ತೆಗೆದುಕೊಂಡು ಅತಿಥಿಯ ಕಾರು ನಿಲ್ಲಿಸಿದ ಮೇಲೆ ‘ಮಾಲೀಕರದೇ ಹೊಣೆ’ ಎಂದು ಚೀಟಿಯಲ್ಲಿ ಬರೆದು ನಿರ್ಲಕ್ಷ್ಯದಿಂದ ನುಣುಚಿಕೊಳ್ಳಲಾಗದು ಎಂದಿತ್ತು. ಅಲ್ಲಿ ಕೀ ಅವರ ಕೈಯಲ್ಲಿತ್ತು. ನಮ್ಮ ಕೀ ನಮ್ಮ ಜೇಬಿನಲ್ಲೇ ಇರುತ್ತದೆ, ಹಾಗಾಗಿ ಈ ತೀರ್ಪು ಹಿಡಿದುಕೊಂಡು ಸ್ಟ್ಯಾಂಡಿನವನ ಮುಂದೆ ವಾದಿಸಲು ಹೋಗಿ ಪ್ರಯೋಜನವಿಲ್ಲ.

ಕೀ ಎಂದಾಗ ನೆನಪಾಯಿತು. ಕಳವಾದರೆ ವಿಮೆಯವರು ಎರಡು ಕೀಗಳನ್ನೂ ಕೇಳುತ್ತಾರೆ, ಆರ್‌ಸಿ ಕೇಳುತ್ತಾರೆ, ಪತ್ತೆಯಾಗಲಿಲ್ಲ ಎಂಬ ಪೊಲೀಸರ ವರದಿ ಕೇಳುತ್ತಾರೆ. ನಮ್ಮ ಎರಡನೇ ಕೀ ಬೀರುವಿನಲ್ಲಿ, ಬೆಳ್ಳಿ ಕುಂಕುಮದ ಬಟ್ಟಲಿನ ಜೊತೆ ಭದ್ರವಾಗಿದೆ ಎಂದಳು ಇವಳು. ಹೋಗಿ ನೋಡಿ ಬಂದೆ. ಇದೆ.

ಬರೆಯುತ್ತಾ ಕೂತಿದ್ದಾಗ ಎದುರು ಮನೆಯ ಹುಡುಗ ಬಂದು ಹೋದ. ಹಳೆಯ ಗಾಡಿಯೊಂದು ನೋಡಿದ್ದಾನಂತೆ, ಸೆಕೆಂಡ್ ಹ್ಯಾಂಡ್. ಆರ್‌ಸಿಯಲ್ಲಿರುವ ಚಾಸಿ ನಂಬರನ್ನೂ ಗಾಡಿಯ ಕತ್ತಿನ ಮೇಲೆ ಕೊರೆದಿರುವುದನ್ನೂ ತಾಳೆ ನೋಡು, ಉಜ್ಜಿದ ಗುರುತಿದ್ದರೆ ಆ ಕಡೆ ತಲೆ ಹಾಕಬೇಡ ಎಂದೆ. ನಿನ್ನಂಥವನೇ ಒಬ್ಬ ಕಳೆದುಕೊಂಡದ್ದನ್ನು ನೀನು ಕೊಂಡುಕೊಳ್ಳಬಾರದಲ್ಲ. ತಲೆಯಾಡಿಸಿದ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, ‘ಅಂಕಲ್, ರಾತ್ರಿ ಹೊತ್ತು ನಿಮ್ಮ ಗೇಟಿನ ಒಳಗೆ ನಿಲ್ಲಿಸಬಹುದೇ?’ ಎಂದ.

ಜಾಗ ಇದೆಯೋ ಎಂದರೆ ಇದೆ, ತುಳಸಿ ಕಟ್ಟೆಯ ಪಕ್ಕ ಒತ್ತರಿಸಿದರೆ. ಆದರೆ ಅವನ ಪಾಳಿ ಮುಗಿಯುವುದು ರಾತ್ರಿ ಒಂದಕ್ಕೆ. ಒಂದು ಗಂಟೆಗೆ ಗೇಟು ತೆಗೆಯುವ ಸದ್ದು, ಎಂಜಿನ್ನಿನ ಸದ್ದು, ಅಮ್ಮನ ನಿದ್ದೆ ಮೊದಲೇ ಕೋಳಿನಿದ್ದೆ. ಗೇಟಿನ ಕೀಯೊಂದನ್ನು ಅವನಿಗೆ ಕೊಡಬೇಕಾಗುತ್ತದೆ. ಮನೆ ಮಾಲೀಕರನ್ನು ಕೇಳಬೇಕು, ಗೋಡೆಗೆ ಕೊಂಡಿ ಕೂರಿಸಲು ತೂತು ಕೊರೆಯುವುದಕ್ಕೇ ಅವರು ಇನ್ನೂ ಒಪ್ಪಿಲ್ಲ. ಕೇಳಿ ಹೇಳುತ್ತೇನೆ ಎಂದೆ. ಇವಳು ಒಳಗಿನಿಂದಲೇ, ‘ಕೇಳುವುದೇನಿದೆ, ನಿಲ್ಲಿಸಪ್ಪ’ ಎಂದಳು. ಅವನು ನನ್ನ ಮುಖ ನೋಡಿದ. ಭಾಯ್ ಹೇಳಿದ ಅಳತೆಯ ಕೊಂಡಿಯಾದರೆ ಎರಡು ಸರಪಳಿ ಹಿಡಿಸುತ್ತದೆಯೋ ಇಲ್ಲವೋ, ನಾಳೆ ಶಿವರಾಮಪೇಟೆಯ ಕಡೆ ಹೋದಾಗ ಕೇಳಬೇಕು.