ಬಾಗಿಲು ಮುಚ್ಚಿದ್ದ ಮನೆಯ ಮುಂದೆ

ಗದಗ ಸೀಮೆಯ ಎರೆಹೊಲಗಳ ನಡುವಿನ ನಮ್ಮ ಕ್ರೈಸ್ತ ಸಭೆ ಬಹಳ ಚಿಕ್ಕದು. ಇರುವುದು 31 ಮನೆಗಳು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೂ 1841ರಲ್ಲಿ ಬೆಟಗೇರಿಗೂ ಬಂದು ನೆಲೆಸಿದ ಮೇಲೆ ಈ ಭಾಗದಲ್ಲಿ ಹುಟ್ಟಿಕೊಂಡ ಸಭೆಗಳಲ್ಲಿ ನಮ್ಮದೂ ಒಂದು. ಇಲ್ಲಿಗೆ ಸಭಾಪಾಲಕನಾಗಿ ಬಂದ ಮೇಲೆ ಇದು ನನ್ನ ನಾಲ್ಕನೆಯ ಚಳಿಗಾಲ.

ಈ ಸಲದ ಸುದ್ದಿಯಲ್ಲಿ ದೊಡ್ಡದೆಂದರೆ ದೇವಾಲಯದ ಚಾವಣಿ. ಸುಗ್ಗಿ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿ, ಜೋಳ, ಕೋಳಿಗಳಿಗೆ ಜನ ಕೂಗಿದ ಹಣವನ್ನೆಲ್ಲ ಒಡೆದ ಹಂಚುಗಳನ್ನು ಬದಲಿಸಲು ಮೀಸಲಿಟ್ಟಿದ್ದೆವು. ಹಳೆಯ ಹಂಚುಗಳನ್ನು ಇಳಿಸಿದಾಗ ಕೆಲವುಗಳ ಬೆನ್ನ ಮೇಲೆ ಬಾಸೆಲ್ ಮಿಷನ್ ಟೈಲ್ ವರ್ಕ್ಸ್ ಎಂಬ ಇಂಗ್ಲಿಷ್ ಅಕ್ಷರಗಳೂ, ಮಂಗಳೂರಿನ ಜೆಪ್ಪುವಿನಲ್ಲಿ ಆ ಕಾರ್ಖಾನೆ ಆರಂಭವಾದ 1865 ಎಂಬ ಇಸವಿಯೂ ಪಾಚಿಯ ಕೆಳಗಿನಿಂದ ಎದ್ದು ಕಂಡವು. ಆದರೆ ಕೆಲಸ ಅರ್ಧಕ್ಕೆ ನಿಂತಿತು. ಅದನ್ನು ಕೂಲಿಯಿಲ್ಲದೆ ಮಾಡಿಕೊಡುತ್ತೇನೆಂದು ಒಪ್ಪಿಕೊಂಡಿದ್ದ ನಮ್ಮ ಸಭೆಯ ಗೌಂಡಿಯ ಎಂಟು ತಿಂಗಳ ಮಗು ನವೆಂಬರ್ ತಿಂಗಳಲ್ಲಿ ಜ್ವರದಿಂದ ತೀರಿಕೊಂಡಿತು. ಮಣ್ಣು ಮಾಡಿದವನು ನಾನೇ. ಆ ದಿನ ಸಮಾಧಿಯ ಬಳಿ ಓದಬೇಕಾದ ವಾಕ್ಯಗಳನ್ನು ಓದಿದೆ, ಹೇಳಬೇಕಾದ ಮಾತುಗಳನ್ನು ಹೇಳಿದೆ. ಮನೆಗೆ ಬಂದು ಮೊಣಕಾಲೂರಿದಾಗ ಮಾತ್ರ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಮುಂದಿನ ಮೂರು ವಾರವೂ ಹಾಗೆಯೇ ಹೋಯಿತು. ಭಾನುವಾರ ಪೀಠದ ಮುಂದೆ ನಿಂತು ನಂಬಿಕೆಯ ವಿಷಯವಾಗಿ ಪ್ರಸಂಗ ಮಾಡುತ್ತಿದ್ದೆ. ಸೋಮವಾರದಿಂದ ಶನಿವಾರದವರೆಗೆ ಪ್ರಾರ್ಥಿಸಲಾರದೆ ಸುಮ್ಮನೆ ಕೂರುತ್ತಿದ್ದೆ. ಇದನ್ನು ಹೆಂಡತಿಯ ಹೊರತು ಯಾರಿಗೂ ಹೇಳಿರಲಿಲ್ಲ.

ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೂರನೆಯ ಭಾನುವಾರದ ರಾತ್ರಿ, ಮನೆಮನೆಗೆ ಹೋಗಿ ಕ್ರಿಸ್ಮಸ್ ಹಾಡು ಹಾಡುವ ಕ್ಯಾರೊಲ್‌ಗೆ ಹೊರಟೆವು. ಬೆಂಗಳೂರಿನಿಂದ ರಜೆ ಹಾಕಿ ಬಂದಿದ್ದ ಇಬ್ಬರು ಹುಡುಗರು, ಸಂಡೆ ಸ್ಕೂಲಿನ ಮಕ್ಕಳು, ಸ್ತ್ರೀ ಸಮಾಜದ ಐದಾರು ಮಂದಿ, ಒಂದು ಡೋಲಕ್, ಎರಡು ಜೊತೆ ತಾಳ. ಹೊರಗೇರಿಗೆ ಹೋಗಲು ಕಡಲೆ ಹೊಲದ ಬದುವಿನ ಮೇಲೆ ನಡೆಯಬೇಕು. ಇಬ್ಬನಿ ಬಿದ್ದ ಕಡಲೆ ಗಿಡಗಳ ಹುಳಿ ಕಾಲಿಗೆ ತಾಗಿ, ಹಿಮ್ಮಡಿಯ ಬಿರುಕುಗಳಲ್ಲಿ ಚುರುಚುರು ಎನ್ನುತ್ತಿತ್ತು. ಬದುವಿನ ಆಚೆ ಹಿಂಗಾರಿ ಜೋಳ ಆಳೆತ್ತರ ನಿಂತಿತ್ತು. ಬಿತ್ತಿದ ಮೇಲೆ ಮಳೆ ಹನಿದಿರಲಿಲ್ಲವಾದ್ದರಿಂದ, ಬೆಳೆ ಹೇಗಿದೆಯೆಂದು ಜೊತೆಯಲ್ಲಿದ್ದ ಸಭಾಹಿರಿಯರನ್ನು ಕೇಳಿದೆ. "ಇದು ಮ್ಯಾಲಿನ ಮಳಿ ನೋಡ್ಕೋತ ನಿಲ್ಲೂ ಬೆಳಿ ಅಲ್ರೀ ಅಯ್ಯನವರ, ಎರಿ ಒಳಗಿನ ಹಸಿ ಮ್ಯಾಲ ನಿಂತಿರ್ತೈತಿ" ಎಂದರು. ಅವರು ಹೇಳಿದ್ದು ಜೋಳದ ಮಾತು, ಅಷ್ಟೇ. ನಾನು ಮಾತ್ರ ಅದನ್ನು ಹೊತ್ತುಕೊಂಡೇ ಮುಂದೆ ನಡೆದೆ.

ಕೊನೆಯ ಓಣಿಯಲ್ಲಿ ಗೌಂಡಿಯ ಮನೆ. ಬಾಗಿಲು ಮುಚ್ಚಿತ್ತು, ಒಳಗೆ ದೀಪವಿರಲಿಲ್ಲ. ಅವರ ದುಃಖವನ್ನು ಕೆದಕುವುದು ಬೇಡ, ದಾಟಿ ಹೋಗೋಣ ಎಂಬುದು ನನ್ನ ಅಭಿಪ್ರಾಯವಾಗಿತ್ತು. ನಿಜ ಹೇಳಬೇಕೆಂದರೆ ಆ ಮನೆಯ ಮುಂದೆ ನಿಲ್ಲಲು ನನಗೇ ಧೈರ್ಯವಿರಲಿಲ್ಲ. ಸ್ತ್ರೀ ಸಮಾಜದ ಹಿರಿಯ ಅಜ್ಜಿ ಒಪ್ಪಲಿಲ್ಲ. ಎಲ್ಲ ಮನೆಗೂ ಹೋಗಿ ಈ ಮನೆ ಒಂದನ್ನು ಬಿಟ್ಟರೆ ಅವರನ್ನು ಲೆಕ್ಕದಿಂದ ತೆಗೆದಂತಾಗುತ್ತದೆ ಎಂದರು. ಡೋಲಕ್ ಕೆಳಗಿಟ್ಟೆವು. ತಾಳವಿಲ್ಲದೆ, ತಗ್ಗಿದ ದನಿಯಲ್ಲಿ ಒಂದೇ ಒಂದು ಹಾಡು ಹಾಡಿದೆವು.

ಹಾಡು ಮುಗಿಯುವ ಹೊತ್ತಿಗೆ ಅಗುಳಿ ಸರಿದ ಸದ್ದಾಯಿತು. ಅವನು ಹೊಸ್ತಿಲ ಒಳಗೇ ನಿಂತಿದ್ದ. ಹಿಂದೆ ಕತ್ತಲಲ್ಲಿ ಅವನ ಹೆಂಡತಿ. "ನನಗ ಪ್ರಾರ್ಥನಿ ಬರವಲ್ದು. ಬೇಕಾದ್ರ ನೀವು ಮಾಡ್ರಿ" ಎಂದ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆದೆ, ಗಂಟಲು ಕಟ್ಟಿತು. "ನನಗೂ ಬರವಲ್ದು" ಎಂದುಬಿಟ್ಟೆ. ಸಭೆಯವರ ಮುಂದೆ ಅಂಥ ಮಾತನ್ನು ನಾನು ಅದುವರೆಗೆ ಆಡಿರಲಿಲ್ಲ.

ಆಗ ಅಜ್ಜಿ ಸೆರಗು ತಲೆಯ ಮೇಲೆಳೆದುಕೊಂಡು, "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಆರಂಭಿಸಿದರು. ಮಕ್ಕಳು ಸೇರಿಕೊಂಡರು, ಬೆಂಗಳೂರಿನ ಹುಡುಗರೂ ಸೇರಿಕೊಂಡರು. ಸಾವಿರಾರು ಸಲ ಹೇಳಿಸಿದ ಆ ಪ್ರಾರ್ಥನೆಯಲ್ಲಿ ‘ನನ್ನ’ ಎಂಬ ಮಾತು ಎಲ್ಲಿಯೂ ಇಲ್ಲವೆಂಬುದು ನನ್ನ ಕಿವಿಗೆ ಬಿದ್ದದ್ದು ಆ ಚಳಿಯಲ್ಲಿಯೇ. ನಮ್ಮ ತಂದೆ, ನಮ್ಮ ಅನುದಿನದ ಆಹಾರ, ನಮ್ಮ ತಪ್ಪುಗಳು. ಹೇಳಲಾರದೆ ನಿಂತಿದ್ದ ನಮ್ಮಿಬ್ಬರನ್ನೂ ಆ ‘ನಮ್ಮ’ ಹೊರಗಿಟ್ಟಿರಲಿಲ್ಲ. ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ, ರೋಗಿಯಾದ ಮಗನನ್ನು ಕರೆತಂದ ತಂದೆಯೊಬ್ಬನು ನಂಬುತ್ತೇನೆಂದು ಕೂಗಿದ ಉಸಿರಿನಲ್ಲಿಯೇ ತನ್ನ ಅಪನಂಬಿಕೆಗೂ ಸಹಾಯ ಬೇಡುತ್ತಾನೆ, ಮತ್ತು ಯೇಸು ಅವನನ್ನು ಹಿಂದಕ್ಕೆ ಕಳುಹಿಸುವುದಿಲ್ಲ. ಆ ಭಾಗವನ್ನು ಎಷ್ಟೋ ಸಲ ಬೋಧಿಸಿದ್ದೇನೆ. ಅದರೊಳಗೆ ನಿಂತದ್ದು ಆ ರಾತ್ರಿ. ನಂಬಿಕೆಯನ್ನು ನಾನು ನನ್ನೊಬ್ಬನ ಎದೆಯಲ್ಲಿ ಹುಡುಕುತ್ತಿದ್ದೆ. ಅಲ್ಲಿ ಸಿಗದಿದ್ದಾಗ ಅದು ಎಲ್ಲಿಯೂ ಇಲ್ಲವೆಂದೇ ತಿಳಿದಿದ್ದೆ. ನನಗಿಂತ ಮೊದಲು ಇಲ್ಲಿ ಪ್ರಾರ್ಥಿಸಿದವರ, ನನ್ನ ಪಕ್ಕದಲ್ಲಿ ಪ್ರಾರ್ಥಿಸುತ್ತಿದ್ದವರ ಹಸಿಯ ಮೇಲೆ ನಾನೂ ನಿಂತಿದ್ದೆ.

ಕ್ರಿಸ್ಮಸ್ ಆರಾಧನೆಗೆ ಗಂಡ ಹೆಂಡತಿ ಬರಲಿಲ್ಲ. ಯಾರೂ ಕರೆಯಲು ಹೋಗಲಿಲ್ಲ; ಅಜ್ಜಿ ಮಾತ್ರ ರೋಟಿ, ಎಣ್ಣೆಗಾಯಿ ಪಲ್ಯ ಕೊಟ್ಟು ಬಂದರಂತೆ.

26ರ ಬೆಳಿಗ್ಗೆ ಏಣಿ ಹೊತ್ತುಕೊಂಡು ಅವನು ದೇವಾಲಯದ ಅಂಗಳಕ್ಕೆ ಬಂದ. ಆರಾಧನೆಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಧ್ಯಾಹ್ನದವರೆಗೆ ನಾನು ಕೆಳಗಿನಿಂದ ಹಂಚು ಕೊಡುತ್ತಾ ಹೋದೆ, ಅವನು ಮೇಲೆ ಜೋಡಿಸುತ್ತಾ ಹೋದ. ಕೊನೆಗೆ ಒಂದು ಹಂಚು ಕಡಿಮೆಯಾಯಿತು. ಇಳಿಸಿಟ್ಟ ಹಳೆಯ ರಾಶಿಯಿಂದ ಬಿರುಕಿಲ್ಲದ್ದೊಂದನ್ನು ಆರಿಸಿ ಕೊಟ್ಟೆ. ಅವನು ಅದನ್ನು ಬೆರಳಿನಿಂದ ಬಡಿದು ನಾದ ಕೇಳಿದ, ಹೆಬ್ಬೆರಳಿನಿಂದ ಅಕ್ಷರಗಳ ಮೇಲಿನ ಪಾಚಿ ಒರೆಸಿದ, ಪೀಠದ ನೇರಕ್ಕೆ ಉಳಿದಿದ್ದ ಸಂದಿಯಲ್ಲಿ ಕೂರಿಸಿ, ಅಂಗೈಯಿಂದ ಒಮ್ಮೆ ಒತ್ತಿ ನೋಡಿದ.