ಇಪ್ಪತ್ತೆರಡು ಇಂಚಿನ ಕಿಂಡಿ

ಸೇಫ್ಟಿ ತರಬೇತಿಗೆ ಹೋದವರಿಗೆಲ್ಲ ಆ ವಿಮಾನದ ಚಿತ್ರ ಪರಿಚಯ. ರೆಕ್ಕೆ, ಒಡಲು, ಬಾಲದ ಮೇಲೆಲ್ಲ ಕೆಂಪು ಚುಕ್ಕಿ, ಎಂಜಿನ್ ಇರುವ ಜಾಗ ಮಾತ್ರ ಖಾಲಿ. ಎರಡನೇ ಮಹಾಯುದ್ಧದಲ್ಲಿ ಏಟು ತಿಂದೂ ಮರಳಿ ಬಂದ ಬಾಂಬರ್‌ಗಳ ಮೈಮೇಲಿನ ಗುಂಡಿನ ಗುರುತುಗಳವು. ಎಂಜಿನ್ನಿಗೆ ಏಟು ಬಿದ್ದವು ಮರಳಲೇ ಇಲ್ಲ, ಆದ್ದರಿಂದ ಚುಕ್ಕಿ ಕಾಣದ ಕಡೆಗೇ ಕವಚ ಹಾಕಿ ಎಂಬುದು ಪಾಠ. ಈ ಲೆಕ್ಕ ಹಾಕಿಕೊಟ್ಟವರು ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ತಂಡದಲ್ಲಿದ್ದ ಅಬ್ರಹಾಂ ವಾಲ್ಡ್, 1943ರಲ್ಲಿ. ಚಿತ್ರ ಬಿಡಿಸಿದ್ದು ಬಹಳ ವರ್ಷಗಳ ನಂತರದವರು. ವಾಲ್ಡ್ ಬರೆದಿಟ್ಟದ್ದು ಬರೀ ಸಮೀಕರಣಗಳನ್ನು. 1950ರ ಡಿಸೆಂಬರ್‌ನಲ್ಲಿ, ಉಪನ್ಯಾಸಕ್ಕೆಂದು ಭಾರತಕ್ಕೆ ಬಂದಿದ್ದಾಗ, ನೀಲಗಿರಿ ಬೆಟ್ಟಕ್ಕೆ ಬಡಿದ ಪ್ರಯಾಣಿಕ ವಿಮಾನದಲ್ಲಿ ಅವರೂ ಅವರ ಹೆಂಡತಿಯೂ ತೀರಿಕೊಂಡರು. ಗುಂಡ್ಲುಪೇಟೆ ದಾಟಿ ಊಟಿಗೆ ಹೋಗುವಾಗ ಎದುರಿಗೆ ಕಾಣುವ ಅದೇ ನೀಲಗಿರಿ. ತರಬೇತಿ ಕೊಡುವವರು ಇದನ್ನು ಹೇಳಿದ್ದನ್ನು ನಾನು ಕೇಳಿಲ್ಲ.

ನಾನು ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ವಾಲ್ಡ್ ಅವರ ಲೆಕ್ಕದ ಮೇಲೆ ನನಗೆ ತುಂಬ ಗೌರವವಿದೆ. ಆದರೆ ಆ ಚಿತ್ರ ತೋರಿಸಿ ಮುಗಿಸಿಬಿಡುವ ತರಬೇತಿಗಳು ಅರ್ಧಕ್ಕೇ ನಿಂತುಬಿಡುತ್ತವೆ. ಮರಳದ ವಿಮಾನದ ಒಳಗೆ ಜನ ಇದ್ದರಲ್ಲ, ಅವರೇನಾದರು? ನನ್ನ ಕೆಲಸದ ಪ್ರಶ್ನೆ ಶುರುವಾಗುವುದೇ ಅಲ್ಲಿಂದ.

ಬ್ರಿಟಿಷ್ ವಾಯುಪಡೆಯ ಬಾಂಬ್ ದಾಳಿ ವಿಭಾಗವಾದ ಬಾಂಬರ್ ಕಮಾಂಡ್‌ನಲ್ಲಿ ಹಾರಿದವರು ಸುಮಾರು 1,25,000 ಮಂದಿ. ಸತ್ತವರು 55,573. ಸೆರೆ ಸಿಕ್ಕವರು ಹತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ. ಬಹುಪಾಲು ಇಪ್ಪತ್ತರ ಆಸುಪಾಸಿನ ಹುಡುಗರು. 1944ರ ಮಾರ್ಚ್ 30ರ ಒಂದೇ ರಾತ್ರಿ ನ್ಯೂರೆಂಬರ್ಗ್ ಕಡೆ ಹೊರಟ 795 ವಿಮಾನಗಳಲ್ಲಿ 95 ಮರಳಲಿಲ್ಲ. ಅವರು ಸುರಿದ ಬಾಂಬಿಗೆ ಜರ್ಮನಿಯ ಊರುಗಳಲ್ಲಿ ಸತ್ತ ಜನಸಾಮಾನ್ಯರ ಸಂಖ್ಯೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅದನ್ನು ಪಕ್ಕಕ್ಕಿಟ್ಟು ಈ ಹುಡುಗರ ಬಗ್ಗೆ ಮಾತ್ರ ಮಾತಾಡಲು ನನಗೆ ಮನಸ್ಸು ಒಪ್ಪುವುದಿಲ್ಲ. ಹಾಗೆಂದು ಅವರ ಸಾವಿನಿಂದ ಕಲಿಯಬೇಕಾದ್ದನ್ನು ಬಿಡುವುದೂ ಸರಿಯಲ್ಲ.

ಒಬ್ಬ ಹುಡುಗನ ಪಾಳಿ ಎಂದರೆ ಮೂವತ್ತು ದಾಳಿ. ಒಂದು ದಾಳಿಯಲ್ಲಿ ನೂರಕ್ಕೆ ನಾಲ್ಕು ವಿಮಾನ ಹೋಗುತ್ತವೆ ಎಂದರೆ ಕೇಳುವವರಿಗೆ ಸಣ್ಣ ಸಂಖ್ಯೆ. ಮರಳುವ ನೂರಕ್ಕೆ 96ರ ಪಾಲನ್ನು ಮೂವತ್ತು ಸಲ ಗುಣಿಸಿ ನೋಡಿದರೆ, ಪೂರ್ತಿ ಮುಗಿಸುವವರು ನೂರಕ್ಕೆ ಮೂವತ್ತು ಮಂದಿಯೂ ಇಲ್ಲ. ನಮ್ಮ ಗೇಟಿನಲ್ಲಿ ಅಪಘಾತವಿಲ್ಲದ ದಿನಗಳನ್ನು ಎಣಿಸುವ ಬೋರ್ಡ್ ಇದೆ, ಎಲ್ಲ ಕಾರ್ಖಾನೆಗಳಲ್ಲೂ ಇರುವಂಥದ್ದು. ಟ್ಯಾಂಕಿನೊಳಗೆ ಇಳಿಯುವ ಗುತ್ತಿಗೆ ಕೆಲಸಗಾರನಿಗೆ ಆ ಬೋರ್ಡ್ ಏನನ್ನೂ ಹೇಳುವುದಿಲ್ಲ. ಇಡೀ ಕಾರ್ಖಾನೆಯ ಅಪಾಯವನ್ನು ಆಫೀಸಿನಲ್ಲಿ ಕೂತವರೂ ಸೇರಿ ಎಲ್ಲರಿಗೂ ಹಂಚಿ ತೋರಿಸುವ ಸಂಖ್ಯೆ ಅದು. ಅವನಿಗೆ ಬೇಕಾದ್ದು ಅವನು ಇಳಿಯುವ ಸಲಗಳ ಲೆಕ್ಕ.

ಬಾಂಬರ್ ಕಮಾಂಡ್‌ನ ಮುಖ್ಯ ಕಚೇರಿಯ ಸಂಶೋಧನಾ ವಿಭಾಗಕ್ಕೆ 1943ರಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ಹುಡುಗ ಕೆಲಸಕ್ಕೆ ಸೇರಿದ. ಮುಂದೆ ದೊಡ್ಡ ಭೌತವಿಜ್ಞಾನಿಯಾದ ಫ್ರೀಮನ್ ಡೈಸನ್. ಅವರು ಹಾಕಿದ ಎರಡು ಲೆಕ್ಕಗಳು ನನ್ನ ಕೆಲಸದ ರೀತಿಯನ್ನೇ ಬದಲಿಸಿವೆ.

ಮೊದಲನೆಯದು ಅನುಭವದ್ದು. ಹೆಚ್ಚು ದಾಳಿ ಮುಗಿಸಿದ ತಂಡಗಳು ಹೆಚ್ಚು ಚೆನ್ನಾಗಿ ಬದುಕಿಕೊಳ್ಳುತ್ತವೆ ಎಂದು ಎಲ್ಲರೂ ನಂಬಿದ್ದರು, ಹೊಸ ಹುಡುಗರಿಗೂ ಹಾಗೇ ಹೇಳುತ್ತಿದ್ದರು. ಅಂಕಿಅಂಶ ಹಾಗೆ ಹೇಳಲಿಲ್ಲ. ಹಳಬರೂ ಹೊಸಬರೂ ಒಂದೇ ಪ್ರಮಾಣದಲ್ಲಿ ಬೀಳುತ್ತಿದ್ದರು. ಕಾರಣ ತಿಳಿದದ್ದು ಆಮೇಲೆ. ಜರ್ಮನಿಯ ರಾತ್ರಿ ಫೈಟರ್‌ಗಳಿಗೆ ಮೇಲ್ಮುಖವಾಗಿ ಓರೆಯಾಗಿ ತೋಪು ಕೂರಿಸಿದ್ದರು. ಬಾಂಬರ್‌ನ ಹೊಟ್ಟೆಯ ಕೆಳಗೆ, ಯಾರಿಗೂ ಕಾಣದ ಕತ್ತಲಲ್ಲಿ ಬಂದು ಹೊಡೆದು ಹೋಗುತ್ತಿದ್ದರು. ಏಟು ತಿಂದವರಿಗೆ ಎಲ್ಲಿಂದ ಬಂತೆಂದೇ ಗೊತ್ತಾಗುತ್ತಿರಲಿಲ್ಲ. ಗೊತ್ತಾದವರಲ್ಲಿ ಮರಳಿ ಬಂದು ಹೇಳಲು ಉಳಿದವರು ತೀರಾ ಕಡಿಮೆ. ಹಾಗಾಗಿ ಆ ಅಪಾಯ ಯಾರ ಅನುಭವಕ್ಕೂ ಸೇರಲೇ ಇಲ್ಲ.

ನಮ್ಮಲ್ಲಿ ಅಂಥದ್ದು ನೈಟ್ರೋಜನ್. ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರುವುದಿಲ್ಲ, ಕಣ್ಣು ಉರಿಯುವುದಿಲ್ಲ. ಬೆಂಕಿ ಹತ್ತದಿರಲೆಂದು ವೆಸೆಲ್‌ಗೆ, ಅಂದರೆ ರಾಸಾಯನಿಕ ತುಂಬುವ ಮುಚ್ಚಿದ ಪಾತ್ರೆಗೆ, ಬಿಟ್ಟ ಅದೇ ಅನಿಲ ಒಳಗೆ ಇಳಿದವನನ್ನು ಎರಡು ಮೂರು ಉಸಿರಿನಲ್ಲಿ ಕೆಡವುತ್ತದೆ. ‘ಇಪ್ಪತ್ತು ವರ್ಷದಿಂದ ಇಳೀತಿದ್ದೀನಿ ಸಾರ್, ನಂಗೆ ಮೂಗಿಗೇ ಗೊತ್ತಾಗುತ್ತೆ’ ಎನ್ನುವವರನ್ನು, ರಿಪೇರಿಗೆಂದು ಪ್ಲಾಂಟ್ ನಿಲ್ಲಿಸುವ ಪ್ರತಿ ಶಟ್‌ಡೌನ್‌ನಲ್ಲೂ ನೋಡುತ್ತೇನೆ. ಅವರ ಕೈಕೆಲಸದ ಮೇಲೆ ನನಗೆ ಅನುಮಾನವಿಲ್ಲ. ಆದರೆ ಈ ಒಂದು ವಿಷಯದಲ್ಲಿ ಅವರ ಇಪ್ಪತ್ತು ವರ್ಷ ನೈಟ್ರೋಜನ್ ಇಲ್ಲದ ವೆಸೆಲ್‌ಗಳ ಅನುಭವ. ಇದ್ದ ವೆಸೆಲ್‌ಗೆ ಇಳಿದವರು ಕಲಿಸಲು ಉಳಿಯಲಿಲ್ಲ. ಆದ್ದರಿಂದ ಮೀಟರ್‌ನಲ್ಲಿ ಆಮ್ಲಜನಕ ಶೇ. 19.5 ತೋರಿಸದ ಹೊರತು ಎಷ್ಟೇ ಹಿರಿಯರಾದರೂ ಒಳಗೆ ಇಳಿಯುವ ಪರ್ಮಿಟ್‌ಗೆ ನನ್ನ ಸಹಿ ಬೀಳುವುದಿಲ್ಲ. ಮೀಟರ್ ಇಳಿಸುವುದೂ ಮೂರು ಮಟ್ಟದಲ್ಲಿ: ಮೇಲೆ, ನಡುವೆ, ತಳದಲ್ಲಿ.

ಎರಡನೆಯ ಲೆಕ್ಕ ಕಿಂಡಿಯದು. ಲಂಕಾಸ್ಟರ್ ಎಲ್ಲರೂ ಮೆಚ್ಚಿದ ಬಾಂಬರ್. ಇನ್ನೊಂದು ಬ್ರಿಟಿಷ್ ಬಾಂಬರ್ ಹ್ಯಾಲಿಫ್ಯಾಕ್ಸ್‌ಗಿಂತ ಎತ್ತರಕ್ಕೆ ಏರುತ್ತಿತ್ತು, ಹೆಚ್ಚು ಬಾಂಬು ಹೊರುತ್ತಿತ್ತು, ಬೀಳುವ ಪ್ರಮಾಣವೂ ಕಡಿಮೆ. ಆದರೆ ಬಿದ್ದ ಮೇಲೆ? ಹ್ಯಾಲಿಫ್ಯಾಕ್ಸ್ ಬಿದ್ದಾಗ ಒಳಗಿದ್ದವರಲ್ಲಿ ನೂರಕ್ಕೆ 25 ಮಂದಿ ಬದುಕುತ್ತಿದ್ದರು, ಲಂಕಾಸ್ಟರ್ ಬಿದ್ದಾಗ 15 ಮಂದಿ, ಹಗಲು ಹಾರುತ್ತಿದ್ದ ಅಮೆರಿಕದ ಬಾಂಬರ್‌ಗಳಲ್ಲಿ ಸುಮಾರು ಅರ್ಧದಷ್ಟು ಎಂದು ಡೈಸನ್ ಮುಂದೆ ಬರೆದರು. ಹಗಲು ರಾತ್ರಿಯ ವ್ಯತ್ಯಾಸವೆಂದು ಅಮೆರಿಕದವರ ಸಂಖ್ಯೆಯನ್ನು ಸಮಜಾಯಿಷಿ ಮಾಡಬಹುದು. ಒಂದೇ ಆಕಾಶದಲ್ಲಿ, ಒಂದೇ ಕತ್ತಲಲ್ಲಿ ಹಾರಿದ ಎರಡು ಬ್ರಿಟಿಷ್ ವಿಮಾನಗಳಿಗೆ ಆ ಮಾತು ಹೊಂದುವುದಿಲ್ಲ. ಲಂಕಾಸ್ಟರ್‌ನಿಂದ ಹಾರಿಕೊಳ್ಳುವ ಕಿಂಡಿ 22 ಇಂಚು ಅಗಲ, ಹ್ಯಾಲಿಫ್ಯಾಕ್ಸ್‌ನದು 24.

ನಿಮ್ಮ ಮನೆಯ ಟೇಪ್ ತೆಗೆದು 22 ಇಂಚು ಅಳೆದು ನೋಡಿ, ಸಾಕಷ್ಟು ದೊಡ್ಡದಾಗಿಯೇ ಕಾಣುತ್ತದೆ. ಈಗ ಅದನ್ನು ವಿಮಾನದ ಮೂತಿಯ ನೆಲದಲ್ಲಿಡಿ. ಬಾಂಬು ಎಸೆಯುವವನು ಮಲಗುವ ಜಾಗ ಅದೇ. ದಪ್ಪ ಚಳಿಯುಡುಪು, ಬೂಟು, ಎದೆಗೆ ಸಿಕ್ಕಿಸಿದ ಪ್ಯಾರಾಚೂಟ್ ಗಂಟು. ವಿಮಾನ ಗಿರಕಿ ಹೊಡೆಯುತ್ತಿದೆ, ಒಳಗೆ ಹೊಗೆ. ವೈರ್‌ಲೆಸ್‌ನವನು, ನ್ಯಾವಿಗೇಟರ್, ಎಂಜಿನಿಯರ್ ಎಲ್ಲ ಹಿಂದಿನಿಂದ ಇದೇ ಕಿಂಡಿಗೆ ತೆವಳಿಕೊಂಡು ಬರಬೇಕು, ಪೈಲಟ್ ಕೊನೆಗೆ. ಒಬ್ಬ ಸಿಕ್ಕಿಕೊಂಡರೆ ಅವನ ಹಿಂದಿನವರೆಲ್ಲ ಮುಗಿದಂತೆ. ಡೈಸನ್‌ರ ಸಹೋದ್ಯೋಗಿಯೊಬ್ಬರು ಕಿಂಡಿ ದೊಡ್ಡದು ಮಾಡಿ ಎಂದು ವರ್ಷಗಟ್ಟಲೆ ಬೆನ್ನು ಹತ್ತಿದರು. ಕಾರ್ಖಾನೆಯಲ್ಲಿ ಒಂದರ ಹಿಂದೊಂದು ತಯಾರಾಗುತ್ತಿದ್ದ ವಿಮಾನ, ಬದಲಾವಣೆಗೆ ಒಪ್ಪಿಗೆ ಸಿಗುವ ಹೊತ್ತಿಗೆ ಯುದ್ಧವೇ ಕೊನೆಗೆ ಬಂದಿತ್ತು. ಒಟ್ಟು 7,377 ಲಂಕಾಸ್ಟರ್ ಕಟ್ಟಿದರು. ಬಹುಪಾಲಿಗೆ ಕಿಂಡಿ ಮೊದಲಿದ್ದಷ್ಟೇ ಉಳಿಯಿತು.

ಇದನ್ನು ಓದಿದ ಮೇಲೆ ನಾನು ಮೊದಲು ಮಾಡಿದ್ದು ನಮ್ಮ ಪ್ಲಾಂಟಿನ ಪ್ರತಿ ಮ್ಯಾನ್‌ಹೋಲ್, ಅಂದರೆ ಟ್ಯಾಂಕಿನೊಳಗೆ ಇಳಿಯುವ ಕಿಂಡಿ, ಅಳೆಸಿದ್ದು. 1948ರ ಕಾರ್ಖಾನೆ ಕಾಯ್ದೆಯ 36ನೇ ಸೆಕ್ಷನ್ ‘ಸಾಕಷ್ಟು ಅಳತೆಯ’ ಮ್ಯಾನ್‌ಹೋಲ್ ಇರಬೇಕು ಎನ್ನುತ್ತಿತ್ತು. ಸಾಕಷ್ಟು ಯಾರಿಗೆ? ಬನಿಯನ್ ಹಾಕಿಕೊಂಡು ಇಳಿಯುವವನಿಗೋ, ಬೆನ್ನಿಗೆ ಸಿಲಿಂಡರ್ ಹೊತ್ತು ಅವನನ್ನು ಎತ್ತಲು ಇಳಿಯುವವನಿಗೋ?

ಸಾಲ್ವೆಂಟ್ ಟ್ಯಾಂಕೊಂದರ 18 ಇಂಚಿನ ಮ್ಯಾನ್‌ಹೋಲ್‌ನಲ್ಲಿ ಮಾಕ್ ಡ್ರಿಲ್ ಇಟ್ಟೆವು. ರೆಸ್ಕ್ಯೂ ತಂಡದ ಹುಡುಗ ಬಿ.ಎ. ಸೆಟ್, ಅಂದರೆ ಬೆನ್ನಿಗೆ ಸಿಲಿಂಡರ್ ಇರುವ ಉಸಿರಾಟದ ಸಾಧನ, ಹಾಕಿಕೊಂಡು ಕಾಲು ಇಳಿಬಿಟ್ಟ, ಸೊಂಟದವರೆಗೆ ಹೋದ, ಸಿಲಿಂಡರ್ ಅಂಚಿಗೆ ತಗುಲಿ ನಿಂತ. ಹೋಲ್ ವಾಚ್‌ಗೆ, ಅಂದರೆ ಕಿಂಡಿಯ ಹೊರಗೆ ಕಾವಲಿಗೆ, ನಿಂತಿದ್ದ ಹಿರಿಯ ಫಿಟ್ಟರ್ ‘ಏ ತಮ್ಮಾ, ಒಂದು ಕೈ ಮ್ಯಾಲೆತ್ತು, ಒಂದು ಭುಜ ಮೊದ್ಲು ಬಿಡು’ ಎಂದು ಹೇಳಿಕೊಟ್ಟರು. ಆದರೂ ಆಗಲಿಲ್ಲ. ‘ಸಾರ್, ಸಿಲಿಂಡರ್ ಬಿಚ್ಚಿಬಿಟ್ರೆ ಇಳೀತೀನಿ’ ಎಂದ ಹುಡುಗ. ನಿಜವಾದ ಅಪಘಾತದಲ್ಲಿ ಅವನು ಮಾಡುತ್ತಿದ್ದದ್ದೂ ಅದನ್ನೇ. ಒಳಗೆ ಬಿದ್ದ ಸ್ನೇಹಿತನನ್ನು ನೋಡುತ್ತಾ ಯಾರೂ ಸುಮ್ಮನೆ ನಿಲ್ಲುವುದಿಲ್ಲ. ಒಳಚರಂಡಿ ಗುಂಡಿಗಳಲ್ಲಿ ಒಬ್ಬನನ್ನು ಎತ್ತಲು ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ ಇಳಿದು ಸಾಯುವ ಸುದ್ದಿ ನಾವೆಲ್ಲ ಓದುವುದು ಹೀಗೇ.

ಮತ್ತೊಂದು ವಿಷಯ ಕಂಡಿತು. ಮರಳು ತುಂಬಿದ ಬೊಂಬೆಯನ್ನು ಹಾರ್ನೆಸ್‌ನ (ಮೈಗೆ ಕಟ್ಟುವ ಸುರಕ್ಷತಾ ಪಟ್ಟಿಯ) ಬೆನ್ನಿನ ಉಂಗುರದಿಂದ ಮೇಲೆಳೆದಾಗ ತಲೆ ಮುಂದಕ್ಕೆ ಬಾಗಿ ಭುಜಗಳು ಅಗಲವಾಗಿ ಕಿಂಡಿಗೆ ಅಡ್ಡ ಸಿಕ್ಕವು. ಮಣಿಕಟ್ಟಿಗೆ ಪಟ್ಟಿ ಕಟ್ಟಿ ಕೈಗಳನ್ನು ತಲೆಯ ಮೇಲಕ್ಕೆ ತಂದು ಎಳೆದರೆ ಅದೇ ಬೊಂಬೆ ಸಲೀಸಾಗಿ ಬಂತು. ಅಂದಿನಿಂದ ಕಿರಿದಾದ ಮ್ಯಾನ್‌ಹೋಲ್‌ಗಳಿಗೆ ಇಳಿಯುವವರು ಆ ಪಟ್ಟಿಯನ್ನು ಮೊದಲೇ ಕಟ್ಟಿಕೊಂಡು, ಕಿಂಡಿಯ ಮೇಲೆ ನಿಲ್ಲಿಸಿದ ಮುಕ್ಕಾಲಿಯ (ಟ್ರೈಪಾಡ್) ಎಳೆಯುವ ರಾಟೆಗೆ ಸಿಕ್ಕಿಸಿಕೊಂಡೇ ಇಳಿಯಬೇಕು. ಹೊರಗಿನವನು ಒಳಗೆ ಇಳಿಯದೆ ಎಳೆಯುವಂತಿರಬೇಕು.

ಲಂಕಾಸ್ಟರ್‌ನ ಬಾಲದ ತುದಿಯಲ್ಲಿ ಒಂಟಿಯಾಗಿ ಕೂರುವ ಗನ್ನರ್‌ನ ಗೂಡು ಎಷ್ಟು ಇಕ್ಕಟ್ಟೆಂದರೆ ಪ್ಯಾರಾಚೂಟ್ ಇಡಲು ಅಲ್ಲಿ ಜಾಗವಿಲ್ಲ. ಬೆನ್ನ ಹಿಂದಿನ ಬಾಗಿಲಾಚೆ, ವಿಮಾನದ ಒಡಲೊಳಗೆ ನೇತುಹಾಕಬೇಕು. 1944ರ ಮಾರ್ಚ್‌ನಲ್ಲಿ ಬರ್ಲಿನ್ ದಾಳಿಯಿಂದ ಮರಳುವಾಗ ನಿಕೊಲಸ್ ಆಲ್ಕೆಮೇಡ್ ಎಂಬ ಗನ್ನರ್ ಬಾಗಿಲು ತೆರೆದರೆ ಪ್ಯಾರಾಚೂಟ್ ಆಗಲೇ ಉರಿಯುತ್ತಿತ್ತು. 18,000 ಅಡಿಯಿಂದ ಹಾಗೇ ಹಾರಿದರು. ಪೈನ್ ಮರಗಳ ಮೇಲೆ, ಹಿಮದೊಳಗೆ ಬಿದ್ದು ಬದುಕಿದರು. ಎಲ್ಲರೂ ಅದನ್ನು ಪವಾಡವೆಂದು ಹೇಳುತ್ತಾರೆ. ನನ್ನ ಗಮನವೆಲ್ಲ ಆ ನೇತುಹಾಕಿದ ಜಾಗದ ಮೇಲೆ. ಬಿ.ಎ. ಸೆಟ್‌ಗಳನ್ನು ಬೀಗ ಹಾಕಿದ ಕಪಾಟಿನಲ್ಲಿಟ್ಟು ಬೀಗದ ಕೈಯನ್ನು ಶಿಫ್ಟ್ ಇನ್‌ಚಾರ್ಜ್ ಜೇಬಿನಲ್ಲಿಡುವ ಕಾರ್ಖಾನೆಗಳನ್ನು ನಾನು ಕಂಡಿದ್ದೇನೆ. ಆಡಿಟ್‌ನವರು ಬಂದಾಗ ಸೆಟ್‌ಗಳು ಲೆಕ್ಕಕ್ಕೆ ಸರಿಯಾಗಿಯೇ ಸಿಗುತ್ತವೆ. ನಮ್ಮಲ್ಲಿ ವೆಸೆಲ್ ಎಂಟ್ರಿ ನಡೆಯುವಾಗ ಸೆಟ್ ಮ್ಯಾನ್‌ಹೋಲ್ ಪಕ್ಕದಲ್ಲಿ, ಪಟ್ಟಿ ಸಡಿಲಿಸಿ, ವಾಲ್ವ್ ಪರೀಕ್ಷಿಸಿ ಇಟ್ಟಿರಬೇಕು.

ಬದುಕಿ ಬಂದವರ ಮಾತು ಎಷ್ಟು ಬೆಲೆಬಾಳುತ್ತದೆ ಎಂಬುದಕ್ಕೆ ಲೆಸ್ಲಿ ಮ್ಯಾನ್ಸರ್ ಅವರ ಕಥೆ ಸಾಕು. ಹುಟ್ಟಿದ್ದು ದೆಹಲಿಯಲ್ಲಿ. 1942ರ ಮೇ 30ರ ರಾತ್ರಿ ಕಲೋನ್ ದಾಳಿಯಲ್ಲಿ ಅವರ ಮ್ಯಾಂಚೆಸ್ಟರ್ ವಿಮಾನಕ್ಕೆ ಬೆಂಕಿ ಬಿತ್ತು. ಉಳಿದ ಆರೂ ಮಂದಿ ಹಾರುವವರೆಗೆ ವಿಮಾನವನ್ನು ಸಮವಾಗಿ ಹಿಡಿದು ನಿಂತರು. ತಮ್ಮ ಕೈಗೆ ಕೊಟ್ಟ ಪ್ಯಾರಾಚೂಟನ್ನು ಬೇಡವೆಂದು ಸರಿಸಿದರು. ವಯಸ್ಸು ಇಪ್ಪತ್ತು. ಹಾರಿದವರಲ್ಲಿ ಐವರು ಬೆಲ್ಜಿಯಂನ ಜನರ ನೆರವಿನಿಂದ ಶತ್ರುವಿನ ಕಣ್ಣು ತಪ್ಪಿಸಿ ಇಂಗ್ಲೆಂಡ್ ಸೇರಿ ನಡೆದದ್ದನ್ನು ಹೇಳಿದ್ದರಿಂದ ಮ್ಯಾನ್ಸರ್ ಅವರಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಹೇಳುವವರೇ ಉಳಿಯದ ವಿಮಾನಗಳಲ್ಲಿ ಯಾರು ಯಾರಿಗಾಗಿ ಏನು ಮಾಡಿದರೆಂದು ದಾಖಲೆಯಿಲ್ಲ. ಯುದ್ಧದ ನಂತರ ಬ್ರಿಟಿಷ್ ವಾಯುಪಡೆಯ ತಂಡಗಳು ಯೂರೋಪಿನ ಹಳ್ಳಿ ಹಳ್ಳಿ ಅಲೆದು, ಎಂಜಿನ್ನಿನ ಸಂಖ್ಯೆ, ಬಟ್ಟೆಯ ಮೇಲಿನ ಅಗಸನ ಗುರುತು ಹಿಡಿದು ಸಾವಿರಾರು ಮಂದಿಯನ್ನು ಗುರುತಿಸಿದವು. ಸಮಾಧಿಯೇ ಸಿಗದ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಾಯುಯೋಧರ ಹೆಸರುಗಳು ಲಂಡನ್ ಬಳಿಯ ರನ್ನಿಮೀಡ್ ಸ್ಮಾರಕದ ಗೋಡೆಗಳ ಮೇಲಿವೆ.

ನಮ್ಮ ಕೈಗಾರಿಕಾ ಪ್ರದೇಶದಲ್ಲಿ ಎಲ್ಲಾದರೂ ಟ್ಯಾಂಕಿನೊಳಗೆ ಸಾವಾದರೆ ಪತ್ರಿಕೆಯಲ್ಲಿ ಬರುವುದು ‘ಉಸಿರುಗಟ್ಟಿ ಸಾವು’ ಎಂಬ ಎರಡೇ ಪದ. ನಾನು ಅಲ್ಲಿನ ಸೇಫ್ಟಿಯವರಿಗೋ ಪರಿಚಯದ ಕಂಟ್ರಾಕ್ಟರ್‌ಗೋ ಫೋನ್ ಮಾಡಿ ಕೇಳುತ್ತೇನೆ. ಏಣಿಯ ಬಳಿ ಬಿದ್ದಿದ್ದನೇ, ಆಚೆ ಮೂಲೆಯಲ್ಲೇ? ಹಾರ್ನೆಸ್ ಇತ್ತೇ? ಹೊರಗೆ ಯಾರಿದ್ದರು? ಎತ್ತಲು ಎಷ್ಟು ಹೊತ್ತಾಯಿತು? ಕೆಲವರು ಬೇಸರಪಟ್ಟುಕೊಳ್ಳುತ್ತಾರೆ, ಕೆಲವರು ಮ್ಯಾನೇಜ್‌ಮೆಂಟ್‌ಗೆ ಹೆದರಿ ಹೇಳುವುದಿಲ್ಲ. ಹೇಳಿದವರ ಮಾತನ್ನು ಹೆಸರು, ಕಂಪನಿ ತೆಗೆದು ಮರುದಿನ ಕೆಲಸ ಶುರುವಾಗುವ ಮುಂಚಿನ ಸುರಕ್ಷತಾ ಮಾತುಕತೆಯಲ್ಲಿ (ಟೂಲ್‌ಬಾಕ್ಸ್ ಟಾಕ್) ಹೇಳುತ್ತೇನೆ.

ಹೊಸ ಸಾಲ್ವೆಂಟ್ ಟ್ಯಾಂಕಿನ ಡ್ರಾಯಿಂಗ್ ಬಂದಾಗ ಮ್ಯಾನ್‌ಹೋಲ್ ಮತ್ತೆ 18 ಇಂಚೇ ಇತ್ತು. 24 ಮಾಡಿ, ಕೆಳಗೆ ಪಕ್ಕದಲ್ಲೂ ಒಂದು ಕೊಡಿ ಎಂದು ಬರೆದೆ. ಖರ್ಚು ಹೆಚ್ಚಾಗುತ್ತದೆ ಎಂದ ಪರ್ಚೇಸ್‌ನವರಿಗೆ ಡ್ರಿಲ್‌ನ ವಿಡಿಯೋ ಕಳಿಸಿದೆ, ಒಪ್ಪಿದರು. ಒಳಗೋಡೆಗೆ ಗಾಜಿನ ಪದರವಿರುವ ಹಳೆಯ ಗ್ಲಾಸ್ ಲೈನ್ಡ್ ರಿಯಾಕ್ಟರ್‌ಗಳ ಕಷ್ಟ ಬೇರೆ. ಅವುಗಳ ಕಿಂಡಿ ಇನ್ನೂ ಚಿಕ್ಕದು, ಕತ್ತರಿಸಿ ದೊಡ್ಡದು ಮಾಡಲು ಹೋದರೆ ಗಾಜಿನ ಪದರವೇ ಹಾಳು. ಹಾಗಾಗಿ ಒಳಗೆ ಯಾರೂ ಇಳಿಯದೆ ತೊಳೆಯಲು ಸುತ್ತಲೂ ನೀರು ಚಿಮ್ಮಿಸುವ ಸ್ಪ್ರೇ ಬಾಲ್ ಕೂರಿಸುತ್ತಿದ್ದೇವೆ. ಎರಡಕ್ಕೆ ಆಗಿದೆ, ಉಳಿದವು ಮುಂದಿನ ಶಟ್‌ಡೌನ್‌ನ ಪಟ್ಟಿಯಲ್ಲಿವೆ.